ಒಂದು ಮೆಟ್ಟಿಲು ಕೆಳಗಿನ ಬಣ್ಣ

ಮೊನ್ನೆ ಬೆಳಗ್ಗೆ ಪಕ್ಕದ ದ್ರಾಕ್ಷಿ ತೋಟದವರು ಸುಣ್ಣ ಅರಳಿಸುತ್ತಿದ್ದರು. ಬಿಸಿ ಸುಣ್ಣದ ವಾಸನೆ ಗೊತ್ತಲ್ಲ, ಮೂಗಿನ ಒಳಗೆಲ್ಲ ಒಣಗಿದ ಹಾಗಾಗುತ್ತದೆ. ಅದರ ಪಕ್ಕದ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿಟ್ಟಿದ್ದರು. ಎರಡನ್ನೂ ಬೆರೆಸಿದರೆ ಬಳ್ಳಿಗೆ ಹೊಡೆಯುವ ಬೂಷ್ಟಿನ ಔಷಧಿ. ನಮ್ಮ ಈ ತಮಿಳು ಸೀಮೆಯಲ್ಲಿ, ಉತ್ತಮಪಾಳಯಂ ಕಡೆ, ದ್ರಾಕ್ಷಿ ಇರುವ ಮನೆಯಲ್ಲೆಲ್ಲ ಈ ನೀಲಿ ಹರಳಿನ ಚೀಲ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ವಾಸನೆ ತಡೆಯಲಾರದೆ ಕಿಟಕಿ ಮುಚ್ಚಲು ಎದ್ದೆ, ಮುಚ್ಚದೆ ಹಾಗೇ ನಿಂತುಬಿಟ್ಟೆ. ಮಹಡಿ ಮಾಮ ನೆನಪಾದರು…

ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಯ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದವರು, ಅದಕ್ಕೇ ಮಹಡಿ ಮಾಮ. ಸ್ವಂತ ಊರು ಚಿನ್ನಾಳಪಟ್ಟಿ. ಅಲ್ಲಿ ಸೀರೆ ನೂಲಿಗೆ ಬಣ್ಣ ಹಾಕುವ ಪಟ್ಟರೆಯಲ್ಲಿ, ಅಂದರೆ ಕಾರ್ಖಾನೆಯಲ್ಲಿ, ತಲೆ ಬೆಳ್ಳಗಾಗುವವರೆಗೆ ಕೆಲಸ ಮಾಡಿದ್ದರಂತೆ. ಪಟ್ಟರೆ ಮುಚ್ಚಿದ ಮೇಲೆ ನಮ್ಮೂರಿಗೆ ಬಂದು, ಬಸ್‌ಸ್ಟ್ಯಾಂಡ್ ಹತ್ತಿರದ ಜವಳಿ ಅಂಗಡಿಯವರು ಕೊಡುವ ಬಣ್ಣ ಬಿಟ್ಟ ಸೀರೆಗಳಿಗೆ ಮರುಬಣ್ಣ ಹಾಕಿಕೊಂಡಿದ್ದರು. ಉಗುರುಗಳಲ್ಲಿ ಯಾವಾಗಲೂ ಎರಡು ಮೂರು ಬಣ್ಣ. ಅವರ ಮನೆಮಾತೂ ಕನ್ನಡವೇ, ಆದರೆ ನೆಯ್ಯುವವರ ಕನ್ನಡ. ನಮ್ಮವ್ವ ಅವರನ್ನು ಆಗಾಗ ಕಾಡುತ್ತಿದ್ದಳು: “ಏನ್ ಮಾಮಾ, ನೀವು ಮಾತನ್ನೂ ಎಳೆ ಎಳೆಯಾಗಿ ಬಿಡಿಸಿ ಬಿಡಿಸಿ ಆಡ್ತೀರ. ನಮ್ಗೆ ಕಳೆ ಕೀಳಕ್ಕೆ ಓಗ್ಬೇಕು, ಬ್ಯಾಗ ಯೋಳಿ.”

ಅವರು ಬಂದ ವರ್ಷ ನಾನು ಮನೆಯೊಳಗೆ ಸೇರಿಹೋಗಿದ್ದೆ. ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಮುಖ ಊದಿಕೊಂಡಿತು. ಮೊದಲು ಕಣ್ಣಿನ ಸುತ್ತ, ಆಮೇಲೆ ಕಾಲು, ಆಮೇಲೆ ಹೊಟ್ಟೆ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಥೇಣಿಯ ಡಾಕ್ಟರು ನೋಡಿ, ಕಿಡ್ನಿಯ ಜರಡಿ ಸಡಿಲವಾಗಿದೆ, ರಕ್ತದಲ್ಲಿರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂದರು. ಮಾತ್ರೆ ಕೊಟ್ಟರು. ಉಪ್ಪು ಬಿಡಿಸಿದರು. ಮಾತ್ರೆ ನಡೆಯುವಷ್ಟು ದಿನ ಜ್ವರದವರ ಹತ್ತಿರ, ಜನಜಂಗುಳಿಯ ಹತ್ತಿರ ಹೋಗಬೇಡ ಎಂದರು. ಡಾಕ್ಟರು ಹೇಳಿದ್ದು ಜನಜಂಗುಳಿ. ನಮ್ಮವ್ವ ಕೇಳಿಸಿಕೊಂಡಿದ್ದು ಹೊಸಿಲು.

ಹಾಗಾಗಿ ಬೀದಿ ಕಡೆಯ ಕೋಣೆ ನನ್ನದಾಯಿತು. ಒಂದು ಮಂಚ, ಒಂದು ಕಬ್ಬಿಣದ ಸರಳಿನ ಕಿಟಕಿ. ಕಂಬಂ ಕಡೆ ಹೋಗುವ ಟೌನ್ ಬಸ್ಸುಗಳು ಸರಳುಗಳ ಹಿಂದೆ ತುಂಡು ತುಂಡಾಗಿ ಕಾಣುತ್ತಿದ್ದವು. ಗೆಳತಿಯರು ಮೊದಮೊದಲು ಕಿಟಕಿಗೆ ಬರುತ್ತಿದ್ದರು. ಮಾತ್ರೆಯಿಂದ ನನ್ನ ಮುಖ ತಟ್ಟೆಯಂತಾದ ಮೇಲೆ ನಾನೇ ಪರದೆ ಎಳೆದುಕೊಂಡೆ. ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಸಾರು… ಹೆಚ್ಚು ಕಡಿಮೆ ದಿನವೆಲ್ಲ ಫೋನು. ಅದರಲ್ಲೇ ನಾನು ಕನ್ನಡ ಅಕ್ಷರ ಕಲಿತಿದ್ದು. ಮನೆಯಲ್ಲಿ ಆಡುವುದಷ್ಟೇ ಇತ್ತು, ಓದು ಬರಹವೆಲ್ಲ ತಮಿಳು. ಅದರಲ್ಲೇ ಕೆಮಿಸ್ಟ್ರಿಯೂ ಹಿಡಿಯಿತು.

ನನ್ನ ಬೀಗದ ಕೈ ಒಂದೇ, ರಕ್ತದ ಪ್ರೋಟೀನು. ಅದು ಏರಿ ನಿಂತರೆ ಹೊರಗೆ ಬಿಡಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಅದನ್ನು ನೋಡಲು ಥೇಣಿಗೆ ಹೋಗಬೇಕು. ಒಮ್ಮೆ ಹೋಗಿ ಬಂದಾಗ ಬಸ್ಸಿನಲ್ಲಿ ಯಾರದೋ ಜ್ವರ ಅಂಟಿ, ಊತ ಮತ್ತೆ ಮೊದಲಿನಿಂದ ಶುರುವಾಯಿತು. ಆಮೇಲೆ ಡಾಕ್ಟರೇ, ಅಷ್ಟಷ್ಟು ದಿನಕ್ಕೆ ಬರಬೇಡಿ, ಕೆಲವು ತಿಂಗಳಿಗೊಮ್ಮೆ ಬನ್ನಿ ಎಂದರು. ಮಧ್ಯದ ತಿಂಗಳುಗಳಲ್ಲಿ ಏನಾಗುತ್ತಿದೆಯೋ ಗೊತ್ತಾಗದೆ ಅವ್ವನಿಗೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ನರ್ಸಕ್ಕ ಇದ್ದಾರೆ. ಒಂದು ದಿನ ನನ್ನ ರಕ್ತದೊತ್ತಡ ನೋಡಲು ಬಂದವರು, ಬಾಗಿಲಲ್ಲಿ ನಿಂತಿದ್ದ ಮಹಡಿ ಮಾಮನ ಎದುರು ಮಾತಿಗೆ ಹೇಳಿದರು, ಲ್ಯಾಬಿನಲ್ಲಿ ಒಂದು ನೀಲಿ ನೀರಿಗೆ ಸೀರಂ ಹಾಕುತ್ತಾರೆ, ಪ್ರೋಟೀನ್ ಇದ್ದಷ್ಟೂ ಅದು ನೇರಳೆಗೆ ತಿರುಗುತ್ತದೆ, ಆ ನೇರಳೆಯನ್ನು ಮೆಷೀನು ಅಳೆಯುತ್ತದೆ ಎಂದು. ಮಾಮ ಸಟ್ಟನೆ ಒಳಗೆ ಬಂದರು.

“ಏನದು, ಬಣ್ಣ ನೋಡಿ ಯೋಳದಾ? ಅದ್ಕಾ ಥೇಣಿಗೆ ಓಗದು? ನಾನ್ ಇಲ್ಲಿ ಸುಮ್ಮಾ ಕುಂತಿವ್ನಲ್ಲ, ಪುಳ್ಳೆ!”

ಪುಳ್ಳೆ ಎಂದರೆ ಮಗು, ನನ್ನನ್ನು ಅವರು ಹಾಗೇ ಕರೆಯುತ್ತಿದ್ದರು. ಅಲ್ಲಿಂದ ನಮ್ಮ ಹುಚ್ಚು ಶುರು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ನೀಲಿ ನೀರಿಗೆ ಬೇಕಾದದ್ದು ಮೂರೇ ಸಾಮಾನು. ಒಂದು ಮೈಲುತುತ್ತ. ಅದು ಅಪ್ಪನ ದ್ರಾಕ್ಷಿ ಚೀಲದಲ್ಲೇ ಇತ್ತು, ಮಾಮ ಒಂದು ಹಿಡಿ ತೆಗೆದು ನೀರಲ್ಲಿ ಕರಗಿಸಿ, ಸೋಸಿ, ಮತ್ತೆ ಹರಳುಗಟ್ಟಿಸಿ ಶುದ್ಧ ಮಾಡಿದರು. ಎರಡನೆಯದು ಕಾಸ್ಟಿಕ್ ಸೋಡಾ. ಬಣ್ಣದ ಪಟ್ಟರೆಗಳಲ್ಲಿ ನೂಲು ಪಳಗಿಸಲು ಅದು ಬೇಕೇಬೇಕು, ಚಿನ್ನಾಳಪಟ್ಟಿಯಿಂದ ಒಂದು ಡಬ್ಬಿ ತರಿಸಿದರು. ಇವೆರಡನ್ನೇ ಬೆರೆಸಿದಾಗ ಮೊಸರೊಡೆದ ಹಾಗೆ ನೀಲಿ ಗಷ್ಟು ತಳಕ್ಕೆ ಕೂತುಬಿಟ್ಟಿತು. ಮಾಮ ಟ್ಯೂಬನ್ನು ಎತ್ತಿ ನೋಡಿ “ಇದು ನಿಮ್ಮಪ್ಪ ಬಳ್ಳಿಗೆ ಒಡೆಯೋ ಮದ್ದು” ಎಂದು ನಕ್ಕರು. ತಾಮ್ರ ತಳ ಸೇರದೆ ನೀರಲ್ಲೇ ನಿಲ್ಲಬೇಕೆಂದರೆ ಮೂರನೆಯದು ಬೇಕು, ಟಾರ್ಟರಿನ ಉಪ್ಪು. ಅದು ಎಲ್ಲಿ ಸಿಗುತ್ತದೆ ಎಂದು ಫೋನಿನಲ್ಲಿ ಹುಡುಕುತ್ತಾ ಹೋದೆ. ದ್ರಾಕ್ಷಿಯಲ್ಲಿ! ಹಳೆಯ ದ್ರಾಕ್ಷಿ ರಸದ ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂತೆ ಕೂರುತ್ತದಲ್ಲ, ಅದು. ಅದಕ್ಕೆ ಬಿಸಿನೀರಲ್ಲಿ ಬಟ್ಟೆ ಸೋಡಾ ಬೆರೆಸಿ ನೊರೆ ನಿಲ್ಲುವವರೆಗೆ ಕಾದರೆ ಆಯಿತು. ನಮ್ಮ ಕಣಿವೆಯ ಬಳ್ಳಿಯೇ ತನ್ನ ರೋಗದ ಔಷಧಿಯನ್ನೂ ಹೊತ್ತಿತ್ತು, ಅಳತೆಯ ಉಪ್ಪನ್ನೂ ಹೊತ್ತಿತ್ತು. ಮಂಚದ ಮೇಲೆ ಕೂತು ನಾನು ಚಪ್ಪಾಳೆ ತಟ್ಟಿದೆ. ಅವ್ವ ಒಲೆ ಬಿಟ್ಟು ಓಡಿಬಂದಳು, ನನಗೇನೋ ಆಯಿತೆಂದು.

ಬಣ್ಣ ಬಂತು, ಸರಿ. ಎಷ್ಟು ನೇರಳೆಯಾದರೆ ಎಷ್ಟು ಪ್ರೋಟೀನು? ಕೋಳಿಮೊಟ್ಟೆಯ ಬಿಳಿಯಲ್ಲಿ ಹೆಚ್ಚು ಕಡಿಮೆ ಹತ್ತನೇ ಒಂದು ಪಾಲು ಪ್ರೋಟೀನ್ ಇರುತ್ತದೆ. ಅದನ್ನೇ ಸಿರಿಂಜಿನಲ್ಲಿ ಅಳೆದು, ತೆಳು ಮಾಡಿ, ಹಂತ ಹಂತವಾಗಿ ಟ್ಯೂಬುಗಳಲ್ಲಿ ಬಣ್ಣ ಮಾಡಿದೆವು. ಆದರೆ ಟ್ಯೂಬಿನ ಬಣ್ಣ ಉಳಿಯುವುದಿಲ್ಲ. ಅದಕ್ಕೆ ಮಾಮ ಪ್ರತಿ ಟ್ಯೂಬಿಗೂ ಸರಿಹೊಂದುವ ಒಂದೊಂದು ನೂಲಿನ ಲಡಿ ಬಣ್ಣ ಹಾಕಿದರು. ಪಟ್ಟರೆಯಲ್ಲಿ ಒಂದು ಪದ್ಧತಿಯಂತೆ: ಮಾದರಿ ಬಣ್ಣವನ್ನು ಒಪ್ಪಬೇಕಾದ್ದು ಹಾಕಿದವನಲ್ಲ, ಗಿರಾಕಿ. ಇಲ್ಲಿ ಗಿರಾಕಿ ನಾನು. ಒಣಗಿದ ಲಡಿಗಳನ್ನು ಅವರು ಒಂದೊಂದಾಗಿ ನನ್ನ ಕೈಗೆ ಕೊಟ್ಟರು, ನಾನು ಟ್ಯೂಬಿನ ಪಕ್ಕ ಹಿಡಿದು ಇದು ಸರಿ, ಇದು ಇನ್ನೂ ಬೇಕು ಎಂದು ಹೇಳಿದೆ. ನಾನು ಒಪ್ಪುವವರೆಗೆ ಅವರು ಮತ್ತೆ ಮತ್ತೆ ಹಾಕಿದರು. ಕೊನೆಗೆ ನಾಲ್ಕು ನಿಂತವು. ಪ್ರೋಟೀನೇ ಇಲ್ಲದ್ದು ಆಕಾಶ. ಅದರ ಮೇಲಿನದು ಸಂಗುಪೂ, ಶಂಖಪುಷ್ಪದ ನೀಲಿ. ಅದಕ್ಕೂ ಮೇಲೆ ಕತ್ತರಿಪೂ, ಬದನೆ ಹೂವಿನ ನೇರಳೆ. ಎಲ್ಲಕ್ಕಿಂತ ಮೇಲೆ ನಾವಲ್, ನೇರಳೆ ಹಣ್ಣು. ಎಲ್ಲ ಸೀರೆ ಅಂಗಡಿಯ ಹೆಸರುಗಳೇ. ಆರೋಗ್ಯವಂತರ ರಕ್ತ ಕತ್ತರಿಪೂವಿನಲ್ಲಿ ಬೀಳಬೇಕು. ಮಾಮ ಓದಿದ ಹಾಗೆ ನಾನು ಮೊದಮೊದಲು ಆಕಾಶದ ಹತ್ತಿರ ಇದ್ದೆ, ಆಮೇಲೆ ಸಂಗುಪೂವಿಗೆ ಏರಿ ಅಲ್ಲೇ ನಿಂತೆ.

ಭಾನುವಾರ ಬೆಳಗ್ಗೆ ನರ್ಸಕ್ಕ ಬಂದು ರಕ್ತ ತೆಗೆಯುತ್ತಿದ್ದರು. ಹೆಪ್ಪುಗಟ್ಟಿದ ಮೇಲೆ ಒಣಹುಲ್ಲಿನ ಬಣ್ಣದ ತಿಳಿ ಮೇಲೆ ನಿಲ್ಲುತ್ತದೆ, ಅದೇ ಸೀರಂ. ಅದನ್ನು ಮಾಮ ಮಹಡಿಗೆ ಒಯ್ದು ನೀಲಿ ನೀರಿಗೆ ಬೆರೆಸಿ, ಅರ್ಧ ಗಂಟೆ ಕಾದು, ಟ್ಯೂಬನ್ನು ಹೊರಗೆ ಬೆಳಕಿಗೆ ಹಿಡಿಯುತ್ತಿದ್ದರು. ಬಣ್ಣವನ್ನು ತೆರೆದ ಆಕಾಶದ ಕೆಳಗೇ ಓದಬೇಕು, ಕೋಣೆಯ ಬೆಳಕು ಸುಳ್ಳು ಹೇಳುತ್ತದೆ ಎಂಬುದು ಅವರ ಹಟ. ನಾನು ಮಹಡಿ ಹತ್ತುವ ಹಾಗಿಲ್ಲ. ಮೆಟ್ಟಿಲು, ಬಿಸಿಲು, ಮೇಲೆಲ್ಲ ಬಣ್ಣದ ಹಬೆ. ಟ್ಯೂಬನ್ನಾದರೂ ಕೆಳಗೆ ತನ್ನಿ ಎಂದರೆ ಅವ್ವ ಬಿಡುತ್ತಿರಲಿಲ್ಲ. ತಮ್ಮ ಜಾತಕ ತಾವೇ ನೋಡಬಾರದು ಎನ್ನುವುದು ನಮ್ಮ ಮನೆಯ ರೂಢಿ, ರಕ್ತವೂ ಅವಳಿಗೆ ಜಾತಕವೇ.

ಹಾಗಾಗಿ ನಾನು ಮಂಚದ ಮೇಲೆ ಕೂತು ಸೂರು ನೋಡುತ್ತಿದ್ದೆ. ಮೇಲೆ ಅವರ ಹೆಜ್ಜೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ನಿಲ್ಲುತ್ತದೆ. ಆಮೇಲೆ ಮೆಟ್ಟಿಲ ಬಾಯಿಂದ ಅವರ ದನಿ:

“ಸಂಗುಪೂ!”

ಅವ್ವ ಅಡುಗೆಮನೆಯಿಂದಲೇ “ಶರಿ ಮಾಮಾ” ಎನ್ನುವಳು. ಅಷ್ಟೇ. ಇನ್ನೊಂದು ವಾರ ಒಳಗೆ.

ಇದರ ನಡುವೆ ದಿಂಡಿಗಲ್ಲಿನ ಒಂದು ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತು, ಹಾಸ್ಟೆಲ್ ಸಮೇತ. ತಮಾಷೆ ನೋಡಿ, ಕೆಮಿಸ್ಟ್ರಿ ಕೇಳಿದ್ದೆ, ಕೊಟ್ಟಿದ್ದು ಕಾಮರ್ಸ್. ನನಗೆ ಯಾವುದಾದರೂ ಆಗಬಹುದಿತ್ತು. ಸರಳಿಲ್ಲದ ಕಿಟಕಿಯ ಬಸ್ಸಿನಲ್ಲಿ ಕೂತರೆ ಸಾಕಿತ್ತು. ಅವ್ವ ಒಂದೇ ಮಾತು ಹೇಳಿದಳು:

“ಮಾಮ ಕತ್ತರಿಪೂ ಅನ್ಲಿ, ನಾನೇ ಪೆಟ್ಟಿ ಕಟ್ಟಿ ಕಳಿಸ್ತೀನಿ. ಸಂಗುಪೂ ಅಂತಿರೋ ತನ್ಕ ನೀ ಆ ಮಂಚ ಬಿಟ್ಟು ಇಳೀಬ್ಯಾಡ.”

ಸೇರಿಕೊಳ್ಳಲು ಕೊನೆಯ ದಿನ ಇತ್ತು. ಥೇಣಿಯ ಡಾಕ್ಟರ ಸರದಿ ಅದಾದ ಮೇಲೆ. ಅಂದರೆ ನಾನು ಹೋಗುವುದೂ ಇರುವುದೂ ಮಾಮನ ಬಾಯಿಂದ ಬೀಳುವ ಒಂದು ಹೂವಿನ ಹೆಸರಿನಲ್ಲಿತ್ತು.

ಊತ ಇಳಿದಿತ್ತು. ಕಾಲು ಒತ್ತಿದರೆ ಗುಳಿ ಬೀಳುತ್ತಿರಲಿಲ್ಲ. ಬೆಳಗಿನ ಮೂತ್ರದಲ್ಲಿ ನೊರೆ ಕಡಿಮೆಯಾಗಿತ್ತು. ನನ್ನ ಮೈ ನನಗೆ ಹೇಳುತ್ತಿತ್ತು, ಬಿಡುಗಡೆ ಹತ್ತಿರ ಇದೆ ಎಂದು. ಭಾನುವಾರ ಬರುತ್ತಿತ್ತು. ಸಂಗುಪೂ. ಮತ್ತೊಂದು ಭಾನುವಾರ. ಸಂಗುಪೂ… ಒಮ್ಮೆ ತಡೆಯಲಾರದೆ ದಿಂಬು ಎತ್ತಿ ಗೋಡೆಗೆ ಎಸೆದೆ. ಮಾಮ ಇಳಿದು ಬಂದು ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. “ಬರ್ತದೆ ಪುಳ್ಳೆ, ಬಣ್ಣ ನಿಧಾನಕ್ಕೇ ಏರೋದು” ಎಂದರು. ಅವರ ಮುಖ ನನಗಿಂತ ಸೋತಿತ್ತು. ಅವತ್ತು ಅವರು ಊಟ ಮಾಡಲಿಲ್ಲ ಎಂದು ಅವ್ವ ಆಮೇಲೆ ಹೇಳಿದಳು.

ಆ ಸಿಟ್ಟಿನಲ್ಲೇ ನನ್ನ ಪೆಟ್ಟಿಗೆ ಹುಟ್ಟಿದ್ದು. ನೇರಳೆ ಬಣ್ಣ ಹಸಿರು ಬೆಳಕನ್ನು ನುಂಗುತ್ತದೆ. ಎಷ್ಟು ನೇರಳೆಯೋ ಅಷ್ಟು ನುಂಗುತ್ತದೆ. ಹಾಗಾದರೆ ಕಣ್ಣೇ ಬೇಡ! ಹಬ್ಬದ ಸರದಿಂದ ಒಂದು ಹಸಿರು ದೀಪ ಕಿತ್ತೆ. ಎದುರಿಗೆ ಬೆಳಕು ಬಿದ್ದರೆ ಬದಲಾಗುವ ಒಂದು ಪುಟ್ಟ ಸೆನ್ಸರು, ಅದಕ್ಕೆ ಅಪ್ಪನ ಪಂಪ್‌ಸೆಟ್ಟಿನ ಮಲ್ಟಿಮೀಟರು. ಚಪ್ಪಲಿ ಡಬ್ಬಿಗೆ ಒಳಗೆಲ್ಲ ಕಪ್ಪು ಬಳಿದು, ನಡುವೆ ಟ್ಯೂಬು ನಿಲ್ಲಲು ತೂತು ಮಾಡಿದೆ. ಮೊಟ್ಟೆಯ ಟ್ಯೂಬುಗಳನ್ನು ಮತ್ತೆ ಮಾಡಿ ಒಂದೊಂದನ್ನೂ ಇಟ್ಟು ನೋಡಿದರೆ, ಮುಳ್ಳು ಹಂತ ಹಂತವಾಗಿ ಏರುತ್ತಿತ್ತು. ಮಂಚ ಬಿಟ್ಟು ಕುಣಿಯಬೇಕೆನಿಸಿತು.

ಮುಂದಿನ ಭಾನುವಾರ ಅವ್ವ ತೋಟಕ್ಕೆ ಹೋಗಿದ್ದಳು. ಮೇಲೆ ಓದಿ ಮುಗಿಸಿದ ಮೇಲೆ ಟ್ಯೂಬು ಕೆಳಗೆ ತಂದುಕೊಡಿ ಎಂದು ಮಾಮನನ್ನು ಬೇಡಿಕೊಂಡೆ. ಅವರು ಅತ್ತ ಇತ್ತ ನೋಡಿ, ಟವಲ್ಲಿನೊಳಗೆ ಮುಚ್ಚಿಕೊಂಡು ತಂದರು. ಮೇಲಿಂದ ಕೂಗಿದ್ದು ಸಂಗುಪೂ. ನನ್ನ ಪೆಟ್ಟಿಗೆಯಲ್ಲಿ ಮುಳ್ಳು ನಿಂತದ್ದು ಕತ್ತರಿಪೂವಿನ ಮೇಲೆ.

ನನ್ನ ಪೆಟ್ಟಿಗೆಯೇ ತಪ್ಪು ಎಂದುಕೊಂಡೆ. ಚಪ್ಪಲಿ ಡಬ್ಬಿಗಿಂತ ಮಾಮನ ಕಣ್ಣು ದೊಡ್ಡದು ತಾನೇ? ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಇನ್ನೊಂದು ವಾರವೂ ಹಾಗೇ ಆಯಿತು. ಆಗ ಒಂದು ಉಪಾಯ ಮಾಡಿದೆ. ಮೊಟ್ಟೆಯ ಬಿಳಿಯಲ್ಲಿ ನಾನೇ ಅಳೆದು ಸರಿಯಾಗಿ ಕತ್ತರಿಪೂ ಆಗುವ ಒಂದು ಟ್ಯೂಬು ಮಾಡಿ, ಏನೆಂದು ಹೇಳದೆ, ಇದನ್ನು ಮೇಲೆ ಹೋಗಿ ಓದಿ ಮಾಮಾ ಎಂದೆ. ಹೆಜ್ಜೆ ಸೂರಿನ ಮೇಲೆ ಹೋಯಿತು. ನಿಂತಿತು.

“ಸಂಗುಪೂ!”

ನಾವಲ್ ಕೊಟ್ಟೆ. ಕತ್ತರಿಪೂ ಎಂದರು.

ಅವರನ್ನು ಕೆಳಗೆ ಕರೆದು, ಕಿಟಕಿಯ ಬೆಳಕಿನಲ್ಲಿ ಟ್ಯೂಬನ್ನೂ ಕತ್ತರಿಪೂ ಲಡಿಯನ್ನೂ ಅಕ್ಕಪಕ್ಕ ಹಿಡಿದು ಕೇಳಿದೆ, “ಎರಡೂ ಒಂದೇ ಇಲ್ವಾ ಮಾಮಾ?”

“ಒಂದೇ ಕಾಣ್ತದೆ,” ಎಂದರು, ಸ್ವಲ್ಪವೂ ತಡೆಯದೆ. “ಆದ್ರೆ ಇದು ಈರ ಅಲ್ವಾ? ಒಣಗಿದ್ಮ್ಯಾಲೆ ಒಂದ್ ಮೆಟ್ಲು ಇಳೀತದೆ.”

ಈರ ಎಂದರೆ ಒದ್ದೆ.

“ಇದು ಎಲ್ಲಿ ಒಣಗ್ತದೆ ಮಾಮಾ? ನಾನೇನು ನೂಲಾ?”

ಅವರು ಟ್ಯೂಬನ್ನು ನನ್ನ ಕೈಯಲ್ಲಿಟ್ಟು ಮೆಟ್ಟಿಲು ಹತ್ತಿ ಹೋದರು.

ನೂಲಿಗೆ ಬಣ್ಣ ಹಾಕುವವರೆಲ್ಲ ಹೀಗೇ ಅಂತೆ. ಬಾನಿಯಿಂದ ಎತ್ತಿದ ಒದ್ದೆ ಲಡಿ ಗಿರಾಕಿಯ ಒಣ ಮಾದರಿಗಿಂತ ಯಾವಾಗಲೂ ಗಾಢವಾಗಿಯೇ ಕಾಣುತ್ತದೆ. ಕಂಡದ್ದನ್ನು ಕಂಡ ಹಾಗೆ ಒಪ್ಪಿದರೆ ಒಣಗಿದ ಮೇಲೆ ಸೀರೆ ಪೇಲವ. ಆದ್ದರಿಂದ ಒದ್ದೆಯಲ್ಲಿ ಕಂಡದ್ದರಿಂದ ಒಂದು ಮೆಟ್ಟಿಲು ಕಳೆದು ಹೇಳುವುದು ಅವರ ಕೆಲಸದ ಮೊದಲ ಪಾಠ. ಅದು ಅವರಿಗೆ ಉಸಿರಾಟದ ಹಾಗೆ ಆಗಿಹೋಗಿತ್ತು. ಲಡಿಗಳನ್ನು ಒಪ್ಪಿದ್ದು ನನ್ನ ಕಣ್ಣು, ಟ್ಯೂಬು ಓದುತ್ತಿದ್ದದ್ದು ಅವರ ಕಣ್ಣು. ಆ ಎರಡರ ನಡುವೆ ನಾನು ಸಿಕ್ಕಿಕೊಂಡಿದ್ದೆ.

ಕೆಲವು ದಿನ ಅವರು ಕೆಳಗೆ ಬರಲೇ ಇಲ್ಲ. ಮೇಲೆ ಹೆಜ್ಜೆಯೂ ಕೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ಮಂಚದ ಪಕ್ಕ ನೆಲದಲ್ಲಿ ಕೂತರು. “ಮತ್ತೆ ಕೊಡು, ಟ್ಯೂಬು. ಏನೂ ಯೋಳ್ಬ್ಯಾಡ” ಎಂದರು. ಕಲಿತದ್ದನ್ನು ಬಿಡುವ ಅಭ್ಯಾಸ ಶುರುಮಾಡಿದ್ದರು! ನಾನು ಕತ್ತರಿಪೂ ಕೊಟ್ಟೆ. ಅವರು ಹುಬ್ಬು ಗಂಟಿಕ್ಕಿ ನೋಡಿದರು. “ಸಂ…” ಎಂದು ನಿಲ್ಲಿಸಿ ತಮ್ಮ ತೊಡೆಗೆ ತಾವೇ ಹೊಡೆದುಕೊಂಡರು. ನಾವಿಬ್ಬರೂ ನಕ್ಕೆವು. ಮತ್ತೆ ಕೊಟ್ಟೆ. ಮತ್ತೆ ಹಾಗೇ. ಮೂರನೆಯ ದಿನದ ಹೊತ್ತಿಗೆ ನಗು ನಿಂತಿತ್ತು.

“ಕಣ್ಣು ಶರಿಯಾಗೇ ಯೋಳ್ತದೆ ಪುಳ್ಳೆ. ಬಾಯ್ಗೆ ಬರೋ ಒಳ್ಗೆ ಯಾರೋ ಇಳಿಸಿಬಿಡ್ತಾರೆ,” ಎಂದರು.

ಅಷ್ಟರಲ್ಲಿ ಕಾಲೇಜಿಗೆ ಸೇರುವ ಕೊನೆಯ ದಿನ ತೀರ ಹತ್ತಿರ ಬಂದಿತ್ತು. ನಾನು ಅವ್ವನಿಗೆ ಪೆಟ್ಟಿಗೆ ತೋರಿಸಿದೆ. ಮುಳ್ಳು ತೋರಿಸಿದೆ. ಅವಳು ಚಪ್ಪಲಿ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ಕೆಳಗಿಟ್ಟಳು.

“ಮಾಮನ ಕಣ್ಗಿಂತ ಇದು ಎಚ್ಚಾ? ದಿಂಡಿಗಲ್ಲಿಗೆ ಓಗ್ಬೇಕು ಅಂತ ನಿಂಗೆ ಬೇಕಾದ್ದು ಕಾಣ್ಸೋ ಪೆಟ್ಟಿ ಮಾಡ್ಕಂಡಿದೀಯ. ಪೋದುಂ, ಸಾಕು, ಮಲ್ಕ.”

ಅವತ್ತು ಸರಳುಗಳನ್ನು ಹಿಡಿದು ನಿಂತು ಅತ್ತೆ. ಹಾಗೆ ನಾನು ಅತ್ತದ್ದು ಅದೊಂದೇ ಸಲ. ಮಾಮ ಮೆಟ್ಟಿಲ ಮೇಲೆ ಕೂತಿದ್ದರಂತೆ, ಎಲ್ಲ ಕೇಳಿಸಿಕೊಂಡಿದ್ದರು.

ಮಾರನೆಯ ಬೆಳಗ್ಗೆ ಅವರು ಅವ್ವನನ್ನು ಮಹಡಿಗೆ ಕರೆದರು. “ಪುಳ್ಳೆನೂ ಬರ್ಲಿ,” ಎಂದರು. ಅವ್ವ ಬೇಡ ಅನ್ನುವ ಮೊದಲೇ ನಾನು ಮೆಟ್ಟಿಲಲ್ಲಿದ್ದೆ. ಎಷ್ಟೋ ತಿಂಗಳ ಮೇಲೆ ತಲೆಯ ಮೇಲೆ ಸೂರಿಲ್ಲ. ಗದ್ದೆ, ಬಾಳೆ, ದೂರದಲ್ಲಿ ಬೆಟ್ಟ. ಅಷ್ಟು ದೂರ ನೋಡಿ ಅಭ್ಯಾಸ ತಪ್ಪಿದ ಕಣ್ಣು ನೋಯಿತು…

ಮಾಮನ ಕೈಯಲ್ಲಿ ಅವ್ವನದೇ ಹಳೆಯ ನೇರಳೆ ಸೀರೆಯ ತುಂಡು ಇತ್ತು. ಅರ್ಧವನ್ನು ಬಕೆಟ್ಟಿನಲ್ಲಿ ಅದ್ದಿ ಎತ್ತಿದರು. ಒದ್ದೆ ಅರ್ಧ ಕಪ್ಪಗೆ, ಒಣ ಅರ್ಧ ತೆಳ್ಳಗೆ.

“ಯಾವ್ದು ತಾಯಿ ಇದ್ರ ನಿಜ ಬಣ್ಣ?”

“ಒಣಗಿರೋದು,” ಎಂದಳು ಅವ್ವ. “ಅದ್ ಕೇಳಕ್ಕಾ ಒಲೆ ಬಿಡ್ಸಿ ಕರದ್ರಿ?”

“ಅದೇ. ನಾನೂ ಅಪ್ಪಡಿನೇ, ಅಂಗೇ ನೋಡ್ದೆ. ನಿನ್ ಮಗಳ ರಗುತ ನೋಡ್ದಾಗ್ಲೂ ಒಣಗಿದ್ರೆ ಎಂಗಿರ್ತದೆ ಅಂತ ಇಳಿಸಿ ಇಳಿಸಿ ಯೋಳ್ದೆ. ರಗುತ ಎಲ್ಲಿ ತಾಯಿ ಒಣಗ್ತದೆ? ಅವ್ಳು ಕತ್ತರಿಪೂ ಸೇರಿ ಬಾಳ ದಿನ ಆಯ್ತು. ನನ್ ಬಾಯಿ ತಪ್ಪು. ಪೆಟ್ಟಿ ಶರಿ.”

ಅವ್ವ ಅವರ ಮುಖವನ್ನೇ ನೋಡಿದಳು. ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಜವಳಿ ಅಂಗಡಿಯವರು ಮದುವೆ ಸೀರೆಯ ಬಣ್ಣ ಹೊಂದಿಸಲು ಬೇರೆ ಯಾರನ್ನೂ ನಂಬುತ್ತಿರಲಿಲ್ಲ ಎಂಬುದು ಆ ಬೀದಿಗೆಲ್ಲ ಗೊತ್ತು. ಅಂಥವರು ಎಲ್ಲರ ಕಿವಿಗೆ ಬೀಳುವಂತೆ, ದನಿ ತಗ್ಗಿಸದೆ, ಇದನ್ನು ಹೇಳಿದರು.

“ನನ್ ಸಮಾಧಾನಕ್ಕೆ ಯೋಳ್ತಿದೀರಾ?” ಎಂದಳು ಅವ್ವ, ಮೆಲ್ಲಗೆ.

“ಸಮಾಧಾನಕ್ಕೆ ಯೋಳೋನಾಗಿದ್ರೆ ಮೊ‌ದ್ಲೇ ಕತ್ತರಿಪೂ ಅಂತಿದ್ದೆ.”

ನಮ್ಮವ್ವ ಅಷ್ಟು ಸುಲಭದವಳಲ್ಲ. ನನ್ನ ಮೂಗು ಬಾಯಿಗೆ ಬಟ್ಟೆ ಕಟ್ಟಿ, ಬಸ್ಸು ಬೇಡವೆಂದು ಯಾರದೋ ಬಾಳೆ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಥೇಣಿಗೆ ಕರೆದುಕೊಂಡು ಹೋದಳು. ಅಲ್ಲಿನ ಲ್ಯಾಬು ನನ್ನ ಚಪ್ಪಲಿ ಡಬ್ಬಿ ಹೇಳಿದ್ದನ್ನೇ ಹೇಳಿತು. ಡಾಕ್ಟರು ಮಾತ್ರೆ ಇಳಿಸಿದರು, ಹೋಗಬಹುದು ಎಂದರು, ಏನೇನು ಮಾಡಬಾರದು ಎಂದು ಬರೆದುಕೊಟ್ಟರು. ಲಾರಿಯಲ್ಲಿ ವಾಪಸು ಬರುವಾಗ ಅವ್ವ ನನ್ನ ಕೈ ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ದಿಂಡಿಗಲ್ಲಿಗೆ ಹೊರಡುವ ದಿನ ಮಾಮ ನನ್ನ ಬಟ್ಟೆಯ ಪೆಟ್ಟಿ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, “ಅಲ್ಲಿ ಉಪ್ಪು ಆಕಿ ಕೊಡ್ತಾರೆ, ಉಷಾರು,” ಎಂದರು. ಅಷ್ಟೇ. ಕೆಲವು ತಿಂಗಳಿಗೆ ಅವರು ಮಹಡಿ ಖಾಲಿ ಮಾಡಿ ಚಿನ್ನಾಳಪಟ್ಟಿಯ ಮಗಳ ಮನೆಗೆ ಹೋದರು. ಹೋಗುವ ಮೊದಲು ಜವಳಿ ಅಂಗಡಿಯ ಕೆಲಸ ಬಿಟ್ಟಿದ್ದರಂತೆ. ಯಾಕೆ ಎಂದು ಅವ್ವ ಕೇಳಿದ್ದಕ್ಕೆ, ಕೈ ನೋವು ಎಂದರಂತೆ. ರಜೆಯಲ್ಲಿ ಎರಡು ಮೂರು ಸಲ ಅಲ್ಲಿಗೆ ಹೋಗಿ ನೋಡಿ ಬಂದೆ. ಮಗ್ಗಗಳ ಸದ್ದಿನ ನಡುವೆ ಕೂತಿರುತ್ತಿದ್ದರು. ಯಾವುದಾದರೂ ಸೀರೆ ತೋರಿಸಿ ಹೇಗಿದೆ ಎಂದು ಕೇಳಿದರೆ ಮಗಳ ಕಡೆ ಕೈ ತೋರಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ನಾನು ಕಾಮರ್ಸ್ ಮುಗಿಸಿ ಈಗ ಕಂಬಂನಲ್ಲಿ ಒಂದು ಕಚೇರಿ ಕೆಲಸದಲ್ಲಿದ್ದೇನೆ. ಆದರೆ ಭಾನುವಾರಗಳು ಇದರದೇ. ಪೆಟ್ಟಿಗೆ ಈಗ ಮರದ್ದು, ಮುಳ್ಳಿನ ಬದಲು ಅಂಕಿ ತೋರಿಸುತ್ತದೆ. ನರ್ಸಕ್ಕನ ತಾಯಿಗೆ ನನಗಿದ್ದ ಹಾಗೆಯೇ ಕಿಡ್ನಿ ತೊಂದರೆ. ಅವರ ರಕ್ತ ಲ್ಯಾಬಿಗೂ ಹೋಗುತ್ತದೆ, ಒಂದು ಹನಿ ನನ್ನ ಪೆಟ್ಟಿಗೆಗೂ ಬರುತ್ತದೆ, ಎರಡೂ ಹೊಂದುತ್ತವೆಯೋ ನೋಡುವುದಕ್ಕೆ. ಸುಣ್ಣದ ವಾಸನೆ ಬಂದ ಮೊನ್ನೆ ಬೆಳಗ್ಗೆಯೂ ಆ ಅಜ್ಜಿ ನನ್ನ ಎದುರು ಕೂತಿದ್ದರು. ವೇದಸಂದೂರಿನಲ್ಲಿರುವ ಅವರ ತಂಗಿಗೆ ಹುಷಾರಿಲ್ಲ, ನೋಡಿ ಬರಬೇಕು. ಲ್ಯಾಬಿನ ಚೀಟಿ ಬರುವುದು ಸಂಜೆ, ಬಸ್ಸು ಇರುವುದು ಈಗ.

“ಯೋಳು ಪುಳ್ಳೆ, ನಿನ್ ಮಗಳು ಅದು ಇದು ಅಂತ ತಡೀತಾಳೆ ಅಂದ್ಕಬ್ಯಾಡ. ನೀ ಓಗ್ಬೌದು ಅಂದ್ರೆ ಬಿಡ್ತೀನಿ ಅಂದವ್ಳೆ. ಓಗ್ಲಾ, ಬ್ಯಾಡ್ವಾ?” ಎಂದರು. ತಮ್ಮ ಮಗಳನ್ನು ನನ್ನ ಮಗಳು ಮಾಡಿಬಿಟ್ಟಿದ್ದರು, ಅಷ್ಟು ಅವಸರ.

ಅಂಕಿ ಚೆನ್ನಾಗಿತ್ತು. ಎರಡು ಸಲ ನೋಡಿದೆ, ಚೆನ್ನಾಗಿಯೇ ಇತ್ತು. ಆದರೂ ಇನ್ನೊಂದು ವಾರ ನೋಡೋಣ ಅಜ್ಜಿ ಎಂಬ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಹಾಗೆಂದರೆ ಅವರಿಗೆ ಏನೂ ಆಗುವುದಿಲ್ಲ, ಮನೆಯಲ್ಲಿರುತ್ತಾರೆ, ಅಷ್ಟೇ ತಾನೇ? ನನಗೂ ನೆಮ್ಮದಿ… ಆಗ ಮೊದಲ ಸಲ ಅನಿಸಿತು, ಮಾಮನ ಬಾಯಿಗೆ ಬರುವ ಮೊದಲು ಇಳಿಸುತ್ತಿದ್ದದ್ದು ಬರೀ ಪಟ್ಟರೆಯ ಪಾಠವೇ ಆಗಿತ್ತೇ, ಇಲ್ಲ ಇದೇ ಭಯವೂ ಇತ್ತೇ? ಕಾರಣ ಅವರೇ ಹೇಳಿದ್ದು, ನಾನು ನಂಬಿದ್ದೆ. ಈಗ ಕೇಳಬೇಕು ಅನಿಸುತ್ತಿದೆ. ಕೇಳಲು ಅವರಿಲ್ಲ.

“ಚೆನ್ನಾಗಿದೆ ಅಜ್ಜಿ. ಹೋಗಿ ಬನ್ನಿ,” ಎಂದೆ.

ಅಜ್ಜಿ ಇನ್ನೊಂದು ಮಾತು ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಬಾಗಿಲಿಗೆ ಬಂದು, ಅವರ ಸೆರಗು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ.